ಕಚೇರಿ ತಂತ್ರಾಂಶಕ್ಕೆ ವಿಸ್ತರಣೆ ಬರೆಯುವವರ ಕೈಯಲ್ಲಿ ಏನಿದೆ?

ಜರ್ಮನಿಯ ಉತ್ತರ ತುದಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ ತನ್ನ ಆಡಳಿತದ ಸುಮಾರು 30,000 ಕಂಪ್ಯೂಟರುಗಳಲ್ಲಿ ಮೈಕ್ರೋಸಾಫ್ಟ್ ಆಫೀಸಿನ ಬದಲು ಮುಕ್ತ ತಂತ್ರಾಂಶವಾದ ಲಿಬ್ರೆಆಫೀಸ್ ಬಳಸುವ ನಿರ್ಧಾರವನ್ನು 2024ರ ಏಪ್ರಿಲ್‌ನಲ್ಲಿ ಪ್ರಕಟಿಸಿತು. ಇಂಥ ಸುದ್ದಿ ಬಂದಾಗಲೆಲ್ಲ ಪರವಾನಗಿ ಶುಲ್ಕ ಎಷ್ಟು ಉಳಿಯುತ್ತದೆ, ನಾಗರಿಕರ ದತ್ತಾಂಶ ಯಾರ ಕೈಯಲ್ಲಿರುತ್ತದೆ ಎಂಬ ಪ್ರಶ್ನೆಗಳೇ ಮುನ್ನೆಲೆಗೆ ಬರುತ್ತವೆ. ಕಚೇರಿಯ ಒಳಗೆ ಕುಳಿತು ಕೆಲಸ ಮಾಡುವವರಿಗೆ ಎದುರಾಗುವ ತೊಡಕು ಬೇರೆ. ವರ್ಡ್ ಮತ್ತು ಎಕ್ಸೆಲ್ ಕಡತಗಳ ಒಳಗೆ ಹತ್ತಿಪ್ಪತ್ತು ವರ್ಷಗಳಿಂದ ಯಾರ್ಯಾರೋ ಬರೆದು ಸೇರಿಸುತ್ತ ಬಂದ ಮ್ಯಾಕ್ರೋ ಎಂಬ ಕಿರು ಪ್ರೋಗ್ರಾಂಗಳು, ಪತ್ರದ ತಲೆಬರಹವನ್ನು ತಾವಾಗಿಯೇ ತುಂಬುವ ನಮೂನೆಗಳು, ಬೇರೊಂದು ಕಡೆಯಿಂದ ವಿವರಗಳನ್ನು ಎಳೆದು ತರುವ ಗುಂಡಿಗಳು ಹೊಸ ತಂತ್ರಾಂಶದಲ್ಲಿ ಇದ್ದ ಹಾಗೆಯೇ ಓಡುವುದಿಲ್ಲ. ಆ ಮ್ಯಾಕ್ರೋಗಳನ್ನು ಬರೆದ ವಿಬಿಎ ಭಾಷೆಯ ಒಂದಷ್ಟು ಭಾಗವನ್ನು ಲಿಬ್ರೆಆಫೀಸ್ ಅರ್ಥಮಾಡಿಕೊಳ್ಳುತ್ತದೆ. ಉಳಿದದ್ದನ್ನು ಯಾರಾದರೂ ಹೊಸದಾಗಿ ಬರೆಯಬೇಕು.

ಇದಕ್ಕೆ ಹಳೆಯ ಉದಾಹರಣೆಯೂ ಜರ್ಮನಿಯದೇ. ಲಿಮಕ್ಸ್ ಎಂಬ ಯೋಜನೆಯಡಿ ಲಿನಕ್ಸ್‌ಗೆ ಹೊರಳಿದ ಮ್ಯೂನಿಕ್ ನಗರಾಡಳಿತವು ತನ್ನ ಪತ್ರಗಳ ಮಾದರಿ, ಕಳುಹಿಸುವವರ ವಿವರ, ಅರ್ಜಿ ನಮೂನೆ ಇವನ್ನೆಲ್ಲ ನಿಭಾಯಿಸಲು ವೋಲ್‌ಮಕ್ಸ್ ಎಂಬ ವಿಸ್ತರಣೆಯನ್ನು (ಕಚೇರಿ ತಂತ್ರಾಂಶಕ್ಕೆ ಹೊಸ ಸೌಲಭ್ಯ ಸೇರಿಸುವ ಪ್ರೋಗ್ರಾಮನ್ನು) ಜಾವಾ ಭಾಷೆಯಲ್ಲಿ ಬರೆಸಿ, 2008ರಲ್ಲಿ ಅದರ ಮೂಲ ಕೋಡನ್ನು ಎಲ್ಲರಿಗೂ ತೆರೆದಿಟ್ಟಿತು. 2017ರಲ್ಲಿ ನಗರಸಭೆ ಮತ್ತೆ ವಿಂಡೋಸ್ ಕಡೆಗೆ ತಿರುಗಿತು. ಅದಕ್ಕೆ ರಾಜಕೀಯವೂ ಸೇರಿದಂತೆ ಹಲವು ಕಾರಣಗಳಿದ್ದವು, ಅವು ಇಲ್ಲಿನ ವಿಷಯವಲ್ಲ. ಇಲ್ಲಿ ಗಮನಿಸಬೇಕಾದದ್ದು ಇಷ್ಟೇ: ಒಂದು ನಗರಾಡಳಿತ ತನ್ನ ದಿನನಿತ್ಯದ ಕಾಗದಪತ್ರಗಳನ್ನು ಮುಕ್ತ ತಂತ್ರಾಂಶಕ್ಕೆ ತರಲು ಪ್ರೋಗ್ರಾಮರುಗಳ ತಂಡವನ್ನೇ ಇಟ್ಟುಕೊಳ್ಳಬೇಕಾಯಿತು. ಹಾಗೆ ತಂಡ ಇಟ್ಟುಕೊಳ್ಳಲಾಗದ ಪುಟ್ಟ ಕಚೇರಿಯಲ್ಲಿ, ಒಬ್ಬನೇ ಪ್ರೋಗ್ರಾಮರ್ ಈ ಕೆಲಸಕ್ಕೆ ಕುಳಿತರೆ ಅವನ ಕೈಗೆ ಸಿಗುವ ಸಲಕರಣೆಗಳು ಯಾವುವು?

ಅಂಥವರು ಸಾಮಾನ್ಯವಾಗಿ ಎಕ್ಲಿಪ್ಸ್, ನೆಟ್‌ಬೀನ್ಸ್, ವಿಎಸ್ ಕೋಡ್ ಮೊದಲಾದ ಐಡಿಇಗಳಲ್ಲಿ, ಅಂದರೆ ಕೋಡ್ ಬರೆದು ಪರೀಕ್ಷಿಸುವ ತಂತ್ರಾಂಶಗಳಲ್ಲಿ, ಕೆಲಸ ಮಾಡುತ್ತಾರೆ. ಆ ಐಡಿಇಗೂ ಕಚೇರಿ ತಂತ್ರಾಂಶಕ್ಕೂ ನಡುವೆ ಸೇತುವೆಯಾಗುವುದಕ್ಕೆಂದೇ ಐಡಿಇಗೆ ಜೋಡಿಸಬಹುದಾದ ಕೆಲವು ಪ್ಲಗಿನ್‌ಗಳಿವೆ. ಅವುಗಳ ಇಪ್ಪತ್ತು ವರ್ಷಗಳ ಚರಿತ್ರೆಯನ್ನು ನೋಡಿದರೆ, ಶ್ರಮದ ಬಹುಪಾಲು ಹೊಸ ಯೋಜನೆಯ ಆರಂಭಿಕ ಕಡತಗಳನ್ನು ಹುಟ್ಟಿಸಿಕೊಡುವ ವಿಝಾರ್ಡ್‌ಗಳಿಗೆ ಸಂದಿದೆ. ಬರೆಯುತ್ತ ಹೋದಂತೆ ಎದುರಾಗುವ ನಿಜವಾದ ಕತ್ತಲೆಗೆ ದೀಪ ಹಿಡಿಯುವ ಕೆಲಸಕ್ಕೆ ಸಂದದ್ದು ಕಡಿಮೆ ಎಂಬುದು ನನ್ನ ಅಭಿಪ್ರಾಯ.

ಚರಿತ್ರೆಯಿಂದಲೇ ಶುರುಮಾಡಬಹುದು. ಜರ್ಮನಿಯ ಸ್ಟಾರ್ ಡಿವಿಷನ್ ಕಂಪನಿಯ ಸ್ಟಾರ್‌ಆಫೀಸನ್ನು ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ 1999ರಲ್ಲಿ ಕೊಂಡುಕೊಂಡಿತು. ಅದೇ ವರ್ಷ ಪ್ರಾಗ್ ನಗರದ ನೆಟ್‌ಬೀನ್ಸ್ ಕಂಪನಿಯನ್ನೂ ಕೊಂಡಿತು. ಜಾವಾ ಮೊದಲೇ ಸನ್‌ನ ಸ್ವಂತದ್ದು. 2000ದ ಅಕ್ಟೋಬರಿನಲ್ಲಿ ಸ್ಟಾರ್‌ಆಫೀಸಿನ ಮೂಲ ಕೋಡ್ ಓಪನ್‌ಆಫೀಸ್ ಹೆಸರಿನಲ್ಲಿ ಹೊರಬಂದಾಗ ಕಚೇರಿ ತಂತ್ರಾಂಶ, ಅದಕ್ಕೆ ವಿಸ್ತರಣೆ ಬರೆಯುವ ಭಾಷೆ, ಆ ಭಾಷೆಯನ್ನು ಬರೆಯುವ ಐಡಿಇ ಮೂರೂ ಒಂದೇ ಸೂರಿನಡಿ ಇದ್ದವು. ನೆಟ್‌ಬೀನ್ಸ್‌ಗಾಗಿ ಓಪನ್‌ಆಫೀಸ್ ಪ್ಲಗಿನ್ ಸನ್‌ನ ಒಳಗಿನಿಂದಲೇ ಹುಟ್ಟಿದ್ದು ಈ ಕಾರಣಕ್ಕೆ. ಲೆಕ್ಕಪಟ್ಟಿಯ ತಂತ್ರಾಂಶವಾದ ಕ್ಯಾಲ್ಕ್‌ಗೆ ಹೊಸ ಸೂತ್ರ ಸೇರಿಸುವುದು, ಮೆನುವಿಗೆ ಹೊಸ ಆದೇಶ ಸೇರಿಸುವುದು, ಹೊರಗಿನಿಂದ ಆಫೀಸನ್ನು ಓಡಿಸುವ ಪ್ರೋಗ್ರಾಂ ಬರೆಯುವುದು, ಹೀಗೆ ಒಂದೊಂದಕ್ಕೂ ಅದರಲ್ಲಿ ಒಂದೊಂದು ವಿಝಾರ್ಡ್ ಇತ್ತು. ಎಕ್ಲಿಪ್ಸ್ ಬಳಸುವವರಿಗಾಗಿ ಅದೇ ದಶಕದಲ್ಲಿ ಬೇರೊಂದು ಪ್ಲಗಿನ್ ಸಮುದಾಯದ ಕಡೆಯಿಂದ ಬಂತು.

ಆ ಸೂರು 2010ರಲ್ಲಿ ಕುಸಿಯಿತು. ಸನ್ ಅನ್ನು ಒರಾಕಲ್ ನುಂಗಿತು. ಅದೇ ಸೆಪ್ಟೆಂಬರಿನಲ್ಲಿ ಸಮುದಾಯದ ದೊಡ್ಡ ಭಾಗವೊಂದು ಹೊರಬಂದು ಡಾಕ್ಯುಮೆಂಟ್ ಫೌಂಡೇಶನ್ ಕಟ್ಟಿ ಲಿಬ್ರೆಆಫೀಸ್ ಶುರುಮಾಡಿತು. ಒರಾಕಲ್ ಓಪನ್‌ಆಫೀಸನ್ನು 2011ರಲ್ಲಿ ಅಪಾಚೆ ಫೌಂಡೇಶನ್ನಿಗೆ ಕೊಟ್ಟುಬಿಟ್ಟಿತು. 2016ರಲ್ಲಿ ನೆಟ್‌ಬೀನ್ಸನ್ನೂ ಅಲ್ಲಿಗೇ ದಾಟಿಸಿತು. ಜಾವಾವನ್ನು ಮಾತ್ರ ತನ್ನಲ್ಲೇ ಉಳಿಸಿಕೊಂಡಿತು. ನೆಟ್‌ಬೀನ್ಸ್ ಪ್ಲಗಿನ್ ಓಪನ್‌ಆಫೀಸಿನ ಜೊತೆ ಅಪಾಚೆಯ ಪಾಲಿಗೆ ಹೋಯಿತು, ಎಕ್ಲಿಪ್ಸ್ ಪ್ಲಗಿನ್ ಎಲ್‌ಒಎಕ್ಲಿಪ್ಸ್ ಎಂಬ ಹೆಸರಿನಲ್ಲಿ ಲಿಬ್ರೆಆಫೀಸಿನ ಕಡೆ ಉಳಿಯಿತು. ಆಸ್ತಿ ಪಾಲಾದ ಮನೆಯಲ್ಲಿ ಬಾವಿಗೆ ಆಗುವ ಗತಿಯೇ ಈ ಪ್ಲಗಿನ್‌ಗಳಿಗೂ ಆಯಿತು. ಎಲ್ಲರಿಗೂ ಅದರ ನೀರು ಬೇಕು, ಹೂಳು ಎತ್ತುವ ಸರದಿ ಮಾತ್ರ ಯಾರದೂ ಅಲ್ಲ.

ವಿಝಾರ್ಡ್‌ಗಳು ಏಕೆ ಬೇಕಾದವು ಎಂಬುದಕ್ಕೆ ವಿಸ್ತರಣೆಯ ಕಡತವನ್ನೇ ಬಿಚ್ಚಿ ನೋಡಬೇಕು. ಒಎಕ್ಸ್‌ಟಿ ಎಂಬ ಬಾಲದ ಈ ಕಡತ ಒಂದು ಜಿಪ್ ಕಟ್ಟು. ಅದರೊಳಗೆ ಯಾವ ಯಾವ ಕಡತಗಳಿವೆ ಎಂದು ಹೇಳುವ ಮ್ಯಾನಿಫೆಸ್ಟ್, ವಿಸ್ತರಣೆಯ ಹೆಸರು ಮತ್ತು ಆವೃತ್ತಿಯನ್ನು ಹೇಳುವ ವಿವರಣಾ ಕಡತ, ಮೆನುವಿನಲ್ಲಿ ಎಲ್ಲಿ ಏನು ಕಾಣಬೇಕೆಂದು ತಿಳಿಸುವ ಒಂದು ಎಕ್ಸ್‌ಎಂಎಲ್, ಆ ಮೆನುವನ್ನು ಒತ್ತಿದಾಗ ಯಾವ ಕೋಡ್ ಎಚ್ಚರಗೊಳ್ಳಬೇಕೆಂದು ತಿಳಿಸುವ ಮತ್ತೊಂದು ಎಕ್ಸ್‌ಎಂಎಲ್, ಹೊಸ ಮಾದರಿಗಳನ್ನು (ಟೈಪ್‌ಗಳನ್ನು) ಸೇರಿಸಿದ್ದರೆ ಅವುಗಳ ನೋಂದಣಿ ಕಡತ, ಕೊನೆಗೆ ಕೋಡ್ ಇರುತ್ತವೆ. ಇವುಗಳಲ್ಲಿ ಒಂದೇ ಹೆಸರು ಮೂರು ನಾಲ್ಕು ಕಡೆ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಒಂದು ಕಡೆ ದೊಡ್ಡಕ್ಷರ ಚಿಕ್ಕಕ್ಷರವಾಗಿದ್ದರೂ ಮೆನು ಕಾಣುತ್ತದೆ, ಒತ್ತಿದರೆ ಏನೂ ಆಗುವುದಿಲ್ಲ, ಯಾವ ದೂರೂ ಪರದೆಯ ಮೇಲೆ ಬರುವುದಿಲ್ಲ. ಈ ಕಡತಗಳನ್ನು ತಪ್ಪಿಲ್ಲದೆ ಬರೆದುಕೊಡುವ ವಿಝಾರ್ಡ್ ಮೊದಲ ದಿನ ದೊಡ್ಡ ಉಪಕಾರವನ್ನೇ ಮಾಡುತ್ತದೆ. ಎರಡನೆಯ ದಿನದಿಂದ ಅದಕ್ಕೆ ಕೆಲಸವಿಲ್ಲ. ಎಲ್‌ಒಎಕ್ಲಿಪ್ಸ್ ಬಳಸುವವರಿಗೆ ಲಿಬ್ರೆಆಫೀಸ್ ಸಮುದಾಯವೇ ಒಂದು ಆರಂಭಿಕ ಮಾದರಿ ವಿಸ್ತರಣೆಯನ್ನು ಇಟ್ಟಿದೆ. ಅದನ್ನು ನಕಲು ಮಾಡಿ ಹೆಸರು ಬದಲಿಸಿದರೆ ವಿಝಾರ್ಡ್ ಕೊಡುವುದರ ಹೆಚ್ಚುಪಾಲು ಸಿಕ್ಕಿಬಿಡುತ್ತದೆ.

ಎರಡನೆಯ ದಿನ ಎದುರಾಗುವುದು ಯೂನೋ. ಆಫೀಸಿನ ಒಳಗಿನ ಎಲ್ಲ ವಸ್ತುಗಳನ್ನೂ ಬೇರೆ ಬೇರೆ ಭಾಷೆಗಳಿಂದ ಮುಟ್ಟಲು ಅನುವು ಮಾಡಿಕೊಡುವ ಘಟಕ ವ್ಯವಸ್ಥೆಯ ಹೆಸರು ಅದು. ಸಿ++, ಜಾವಾ, ಪೈಥಾನ್, ಬೇಸಿಕ್ ಯಾವುದರಿಂದ ಬಂದರೂ ಬಾಗಿಲು ಅದೇ. ಅದರ ಸಾವಿರಾರು ಹೆಸರುಗಳು ಇಂದಿಗೂ 'ಕಾಮ್.ಸನ್.ಸ್ಟಾರ್' ಎಂದೇ ಶುರುವಾಗುತ್ತವೆ. ಸನ್ ಇಲ್ಲ, ಸ್ಟಾರ್ ಇಲ್ಲ; ಹೆಸರು ಬದಲಿಸಿದರೆ ಇದುವರೆಗೆ ಬರೆದ ವಿಸ್ತರಣೆಗಳೆಲ್ಲ ಮುರಿದು ಬೀಳುತ್ತವೆಂದು ಯಾರೂ ಕೈಹಚ್ಚಿಲ್ಲ. ಯೂನೋದಲ್ಲಿ ಒಂದು ವಸ್ತು ಹಲವು ಇಂಟರ್‌ಫೇಸ್‌ಗಳನ್ನು, ಅಂದರೆ ಹೊರಗಿನವರಿಗೆ ಕಾಣುವ ಮುಖಗಳನ್ನು, ಹೊತ್ತಿರುತ್ತದೆ, ಆದರೆ ಜಾವಾದಲ್ಲಿ ಒಂದು ಹೊತ್ತಿಗೆ ಒಂದೇ ಮುಖ ಕಾಣುತ್ತದೆ. ಬೇರೆ ಮುಖ ಬೇಕಾದರೆ 'ಕ್ವೆರಿ ಇಂಟರ್‌ಫೇಸ್' ಎಂದು ಕೇಳಿ ಪಡೆಯಬೇಕು. ಯಾವ ಮುಖ ಕೇಳಬೇಕೆಂಬುದು ಮೊದಲೇ ಗೊತ್ತಿದ್ದವರಿಗೆ ಇದು ಸಲೀಸು. ಗೊತ್ತಿಲ್ಲದವರಿಗೆ ಐಡಿಇ ಸಹಾಯಕ್ಕೆ ಬರುವುದಿಲ್ಲ, ಏಕೆಂದರೆ ಚುಕ್ಕೆ ಒತ್ತಿದಾಗ ಅದು ತೋರಿಸುವುದು ಕೈಯಲ್ಲಿರುವ ಒಂದು ಮುಖದ ವಿಧಾನಗಳನ್ನು ಮಾತ್ರ. ಇನ್ನು ವಸ್ತುವಿನ ಗುಣಗಳ ಹೆಸರುಗಳು ಬರಿಯ ಉದ್ಧರಣ ಚಿಹ್ನೆಯೊಳಗಿನ ಅಕ್ಷರಗಳು. ಅಕ್ಷರದ ದಪ್ಪ ಬದಲಿಸುವ ಗುಣದ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದರೂ, ಕೋಡನ್ನು ಓಡಿಸುವ ಮೊದಲೇ ತಪಾಸಣೆ ಮಾಡುವ ಕಂಪೈಲರ್ ಒಪ್ಪಿಕೊಂಡು ಮುಂದೆ ಕಳುಹಿಸುತ್ತದೆ, ಪ್ರೋಗ್ರಾಂ ಓಡುವಾಗ ಮಾತ್ರ 'ಇಂಥ ಗುಣ ಗೊತ್ತಿಲ್ಲ' ಎಂದು ಎಡವುತ್ತದೆ. ಜಾವಾದಂಥ ಬಿಗಿ ಭಾಷೆಯನ್ನು ಆರಿಸಿಕೊಂಡದ್ದರ ಮುಖ್ಯ ಲಾಭವೇ ಇಲ್ಲಿ ಸೋರಿಹೋಗುತ್ತದೆ.

ಪೈಥಾನಿನಲ್ಲಿ 'ಕ್ವೆರಿ ಇಂಟರ್‌ಫೇಸ್' ಕಾಟವಿಲ್ಲ, ಎಲ್ಲ ಮುಖಗಳೂ ಒಟ್ಟಿಗೆ ಸಿಗುತ್ತವೆ. ಹೊಸಬರು ಈಚೆಗೆ ಅದನ್ನೇ ಹಿಡಿಯುವುದು ಸಹಜ. ಆದರೆ ಅಲ್ಲಿ ಕತ್ತಲೆ ಇನ್ನೂ ಗಾಢ. ಯೂನೋದ ಮಾದರಿಗಳು ಪೈಥಾನ್ ಕಡತಗಳಾಗಿ ಡಿಸ್ಕಿನ ಮೇಲೆ ಎಲ್ಲೂ ಇರುವುದಿಲ್ಲ. 'ಯೂನೋ' ಮಾಡ್ಯೂಲ್ ಪೈಥಾನಿನ ಆಮದು ವ್ಯವಸ್ಥೆಯನ್ನೇ ತನ್ನ ವಶಕ್ಕೆ ತೆಗೆದುಕೊಂಡು, ಕೇಳಿದ ಹೆಸರನ್ನು ಆ ಕ್ಷಣದಲ್ಲಿ ಆಫೀಸಿನ ಮಾದರಿ ಭಂಡಾರದಿಂದ ಹುಟ್ಟಿಸಿಕೊಡುತ್ತದೆ. ಪ್ರೋಗ್ರಾಂ ಓಡುವಾಗ ಇದು ಸೊಗಸಾಗಿ ನಡೆಯುತ್ತದೆ. ಕೋಡನ್ನು ಓಡಿಸದೆ ಓದಿ ಅರ್ಥಮಾಡಿಕೊಳ್ಳುವ ಎಡಿಟರುಗಳಿಗೆ ಮಾತ್ರ ಆ ಹೆಸರುಗಳೆಲ್ಲ ಇಲ್ಲದ ಊರಿನ ವಿಳಾಸಗಳು, ಆದ್ದರಿಂದ ಆ ಸಾಲುಗಳ ಕೆಳಗೆ ಕೆಂಪು ಗೆರೆ ಬೀಳುತ್ತದೆ. ಹೊಸಬರು ಆ ಗೆರೆಯನ್ನು ಕಂಡು ತಮ್ಮ ಸ್ಥಾಪನೆಯೇ ಕೆಟ್ಟಿದೆಯೆಂದು ಗಂಟೆಗಟ್ಟಲೆ ತಡಕಾಡುತ್ತಾರೆ. ಅದರ ಮೇಲೆ, ವಿಂಡೋಸಿನಲ್ಲಿ ಲಿಬ್ರೆಆಫೀಸ್ ತನ್ನದೇ ಪೈಥಾನನ್ನು ಹೊತ್ತು ತರುತ್ತದೆ, ಲಿನಕ್ಸ್ ವಿತರಣೆಗಳಲ್ಲಿ ಬಹುತೇಕ ವ್ಯವಸ್ಥೆಯ ಪೈಥಾನನ್ನೇ ಬಳಸುತ್ತದೆ. ಎಡಿಟರಿಗೆ ಯಾವ ಪೈಥಾನನ್ನು ತೋರಿಸಬೇಕೆಂಬ ಪ್ರಶ್ನೆಗೆ ಊರಿಗೊಂದು ಉತ್ತರ.

ಇದು ಕನ್ನಡಿಗರಿಗೆ ಹೇಗೆ ತಟ್ಟುತ್ತದೆಂಬುದಕ್ಕೆ ಒಂದು ಉದಾಹರಣೆಯನ್ನು ಸ್ವಲ್ಪ ವಿವರವಾಗಿಯೇ ನೋಡಬಹುದು. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಬರೆದ ಕಡತಗಳು ಕರ್ನಾಟಕದ ಕಚೇರಿಗಳಲ್ಲಿ, ಪತ್ರಿಕೆಗಳಲ್ಲಿ, ಪ್ರಕಾಶಕರ ಬಳಿ ರಾಶಿ ಬಿದ್ದಿವೆ. ಅವು ಯೂನಿಕೋಡ್ ಅಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದಂಥವು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಕಾಣುತ್ತದೆ. ಪಠ್ಯವನ್ನಷ್ಟೇ ಯೂನಿಕೋಡಿಗೆ ತಿರುಗಿಸುವ ಮುಕ್ತ ಪರಿವರ್ತಕಗಳು ಇವೆ. ಆದರೆ ಶೀರ್ಷಿಕೆ, ಕೋಷ್ಟಕ, ದಪ್ಪಕ್ಷರ, ಅಡಿಟಿಪ್ಪಣಿ ಎಲ್ಲ ಉಳಿಯುವಂತೆ ಇಡೀ ಕಡತವನ್ನು ತಿರುಗಿಸಬೇಕಾದರೆ ಆ ಕೆಲಸ ನಡೆಯಬೇಕಾದ ಸಹಜ ಜಾಗ ಲಿಬ್ರೆಆಫೀಸಿನ ಪಠ್ಯ ಬರೆಯುವ ಭಾಗವಾದ ರೈಟರ್‌ನ ಒಳಗೆ, ಒಂದು ವಿಸ್ತರಣೆಯಾಗಿ.

ಬರೆಯಲು ಕುಳಿತವರು ಮೊದಲು ಕಡತದ ಪ್ಯಾರಾಗಳನ್ನು ಒಂದೊಂದಾಗಿ ಎಣಿಸುತ್ತ ಹೋಗುತ್ತಾರೆ. ಆ ಎಣಿಕೆಯಲ್ಲಿ ಪ್ಯಾರಾಗಳ ನಡುವೆ ಕೋಷ್ಟಕಗಳೂ ಬರುತ್ತವೆ. ಬಂದದ್ದು ಪ್ಯಾರಾವೋ ಕೋಷ್ಟಕವೋ ಎಂದು ಅದನ್ನೇ ಕೇಳಿ ತಿಳಿಯದಿದ್ದರೆ ಮೊದಲ ಕೋಷ್ಟಕದಲ್ಲೇ ಪ್ರೋಗ್ರಾಂ ನಿಲ್ಲುತ್ತದೆ. ಪ್ಯಾರಾದ ಒಳಗೆ ಮತ್ತೊಂದು ಎಣಿಕೆ: ಒಂದೇ ಬಗೆಯ ಅಲಂಕಾರವುಳ್ಳ ತುಣುಕುಗಳದ್ದು. ತುಣುಕಿನ ಫಾಂಟ್ ನುಡಿಯದಾಗಿದ್ದರೆ ಪರಿವರ್ತಿಸಬೇಕು. ಇಲ್ಲೊಂದು ಹೊಂಡವಿದೆ. ಹಳೆಯ ಸಂಕೇತದಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವ ಕ್ರಮದಲ್ಲಿ ವ್ಯಂಜನದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ಉಚ್ಚಾರದ ಕ್ರಮದಲ್ಲಿ ಮೊದಲು ಬರಬೇಕು. ಪದದ ನಡುವೆ ಎಲ್ಲೋ ದಪ್ಪಕ್ಷರ ಶುರುವಾಗಿ ತುಣುಕಿನ ಗಡಿ ಅಲ್ಲೇ ಬಿದ್ದರೆ, ತುಣುಕು ತುಣುಕಾಗಿ ಪರಿವರ್ತಿಸುವ ಕೋಡ್ ಅಕ್ಷರವನ್ನೇ ಸೀಳಿಬಿಡುತ್ತದೆ.

ಅದನ್ನೂ ದಾಟಿದವರಿಗೆ ಕಾದಿರುವುದು ಫಾಂಟಿನ ಒಗಟು. ಪರಿವರ್ತನೆಯ ನಂತರ ಹೊಸ ಯೂನಿಕೋಡ್ ಫಾಂಟಿನ ಹೆಸರನ್ನು 'ಚಾರ್ ಫಾಂಟ್ ನೇಮ್' ಗುಣಕ್ಕೆ ಕೊಡುತ್ತಾರೆ. ಕೋಡ್ ಓಡುತ್ತದೆ, ದೋಷ ಬರುವುದಿಲ್ಲ, ಫಾಂಟೂ ಬದಲಾಗುವುದಿಲ್ಲ. ಕಾರಣವೇನೆಂದರೆ ಯೂನೋ ಫಾಂಟ್, ಗಾತ್ರ, ದಪ್ಪ, ಓರೆಯಂಥ ಅಕ್ಷರ ಗುಣಗಳಿಗೆ ಮೂರು ಮೂರು ಪ್ರತಿಗಳನ್ನು ಇಟ್ಟಿದೆ: ಪಾಶ್ಚಾತ್ಯ ಲಿಪಿಗಳಿಗೆ ಒಂದು, ಪೂರ್ವ ಏಷ್ಯಾದ ಲಿಪಿಗಳಿಗೆ ಒಂದು, ಭಾರತ ಮತ್ತು ಅರಬ್ ಲಿಪಿಗಳಂಥ ಸಂಕೀರ್ಣ ಲಿಪಿಗಳಿಗೆ ಒಂದು. ನುಡಿಯ ಹಳೆಯ ಪಠ್ಯ ಕನ್ನಡವಾಗಿ ಕಂಡರೂ ತಂತ್ರಾಂಶದ ಲೆಕ್ಕದಲ್ಲಿ ಅದು ರೋಮನ್, ಆದ್ದರಿಂದ ಮೊದಲ ಗುಣವನ್ನು ಪಾಲಿಸುತ್ತಿತ್ತು. ಪರಿವರ್ತನೆಯಾದ ಕ್ಷಣದಿಂದ ಅದು ಸಂಕೀರ್ಣ ಲಿಪಿ. ಅದು ಕೇಳುವುದು 'ಚಾರ್ ಫಾಂಟ್ ನೇಮ್ ಕಾಂಪ್ಲೆಕ್ಸ್' ಎಂಬ ಗುಣದ ಮಾತನ್ನು. ಗಾತ್ರಕ್ಕೂ ದಪ್ಪಕ್ಕೂ ಓರೆಗೂ ಇದೇ ಕಥೆ. ಹಳೆಯ ಬೆಲೆಗಳನ್ನು ಸಂಕೀರ್ಣ ಲಿಪಿಯ ಜೋಡಿ ಗುಣಗಳಿಗೆ ನಕಲು ಮಾಡದಿದ್ದರೆ ಕಡತದ ದಪ್ಪಕ್ಷರಗಳೆಲ್ಲ ಒಮ್ಮೆಗೇ ತೆಳ್ಳಗಾಗುತ್ತವೆ. ಇದೆಲ್ಲ ದಾಖಲೆಗಳಲ್ಲಿ ಇದೆ, ಆದರೆ ಹುಡುಕಬೇಕಾದ ಪದ ಯಾವುದೆಂದು ಗೊತ್ತಿದ್ದವರಿಗೆ ಮಾತ್ರ ಅದು ಸಿಗುತ್ತದೆ. ಯಾವ ವಿಝಾರ್ಡೂ ಇಲ್ಲಿ ಕೈ ಹಿಡಿಯುವುದಿಲ್ಲ.

ಪ್ಲಗಿನ್‌ಗಳು ಬೇಗ ಹಳತಾಗುವುದಕ್ಕೆ ಕಾರಣ ಅವು ಮೂರು ದೋಣಿಗಳಲ್ಲಿ ಕಾಲಿಟ್ಟಿರುವುದು. ಆಫೀಸಿನ ಒಳಗಿನ ಕಡತ ವ್ಯವಸ್ಥೆ ಒಂದು ದೋಣಿ. ಓಪನ್‌ಆಫೀಸ್ 3ರ ಕಾಲದಲ್ಲಿ ಸ್ಥಾಪನೆಯನ್ನು ಮೂರು ಪದರಗಳಾಗಿ ಒಡೆದಿದ್ದರು, ನಂತರ ಎರಡೂ ಕವಲುಗಳು ಅದನ್ನು ಮತ್ತೆ ಒಂದಾಗಿಸಿದವು. ಜಾವಾ ವಿಸ್ತರಣೆಗೆ ಬೇಕಾದ ನಾಲ್ಕಾರು ಜಾರ್ ಕಡತಗಳು (ಜಾವಾ ಕೋಡಿನ ಕಟ್ಟುಗಳು) ಲಿಬ್ರೆಆಫೀಸಿನ ಈಚಿನ ಆವೃತ್ತಿಗಳಲ್ಲಿ ಒಂದೇ ಜಾರ್‌ನೊಳಗೆ ಸೇರಿಕೊಂಡಿವೆ. ಮಾದರಿಗಳನ್ನು ಕಂಪೈಲ್ ಮಾಡುತ್ತಿದ್ದ ಐಡಿಎಲ್‌ಸಿ, ರೆಜ್‌ಮರ್ಜ್ ಎಂಬ ಹಳೆಯ ಸಲಕರಣೆಗಳ ಜಾಗಕ್ಕೆ ಯುನೊಐಡಿಎಲ್-ರೈಟ್ ಬಂದಿದೆ. ಹಳೆಯ ಹೆಸರು ಮತ್ತು ದಾರಿಗಳನ್ನು ನೆಚ್ಚಿಕೊಂಡ ಪ್ಲಗಿನ್ ಪ್ರತಿ ಬಾರಿಯೂ ಎಡವುತ್ತದೆ. ಐಡಿಇ ಎರಡನೆಯ ದೋಣಿ, ಭಾಷೆ ಮೂರನೆಯದು. ಹೊಸ ಐಡಿಇ ಹೊಸ ಜಾವಾ ಕೇಳುತ್ತದೆ. ಅದರಲ್ಲಿ ಕಂಪೈಲಾದ ವಿಸ್ತರಣೆ ಹಳೆಯ ಜಾವಾ ಇರುವ ಕಚೇರಿ ಕಂಪ್ಯೂಟರಿನಲ್ಲಿ ಏಳುವುದೇ ಇಲ್ಲ. ಕವಲೊಡೆದ ಎರಡು ತಂತ್ರಾಂಶಗಳನ್ನೂ ಬೆಂಬಲಿಸುತ್ತೇನೆಂದು ಹೊರಟವರ ಪಾಡು ಇನ್ನೂ ಕಷ್ಟದ್ದು, ಏಕೆಂದರೆ ಲಿಬ್ರೆಆಫೀಸ್ 2013ರಲ್ಲೇ ಪೈಥಾನ್ 3ಕ್ಕೆ ದಾಟಿದರೆ ಅಪಾಚೆ ಓಪನ್‌ಆಫೀಸಿನ 4.1 ಸರಣಿ ಪೈಥಾನ್ 2.7ರಲ್ಲೇ ನಿಂತಿದೆ. ಎರಡಕ್ಕೂ ಒಂದೇ ಕೋಡ್ ಎಂಬ ಹಠವನ್ನು ಬಿಡುವುದೇ ಜಾಣತನವೆಂದು ನನಗೆ ತೋರುತ್ತದೆ.

ಬರೆದದ್ದನ್ನು ಪರೀಕ್ಷಿಸುವ ಸುತ್ತು ಮತ್ತೊಂದು ಬೇಸರ. ಒಂದು ಸಾಲು ಬದಲಿಸಿದರೆ ಕಟ್ಟು ಕಟ್ಟಿ, ಯುನೊಪಿಕೆಜಿ ಎಂಬ ಸಲಕರಣೆಯಿಂದ ಸ್ಥಾಪಿಸಿ, ಆಫೀಸನ್ನು ಮುಚ್ಚಿ ತೆರೆದು ನೋಡಬೇಕು. ಪ್ರೋಗ್ರಾಮರ್ ಅದೇ ಆಫೀಸಿನಲ್ಲಿ ತನ್ನ ಬೇರೆ ಕಡತಗಳನ್ನೂ ತೆರೆದಿಟ್ಟಿದ್ದರೆ ಅವೂ ಮುಚ್ಚಬೇಕು. ಬೇರೆಯೇ ಬಳಕೆದಾರ ಪ್ರೊಫೈಲಿನಲ್ಲಿ ಎರಡನೆಯ ಆಫೀಸನ್ನು ಎಬ್ಬಿಸಿ, ಅದರ ಒಳಗಿನ ಜಾವಾಕ್ಕೆ ಐಡಿಇಯ ಡಿಬಗ್ಗರನ್ನು (ತಪ್ಪು ಹುಡುಕುವ ಸಲಕರಣೆಯನ್ನು) ತಾನಾಗಿ ಜೋಡಿಸಿಕೊಡುವುದು ಪ್ಲಗಿನ್ ಮಾಡಬಹುದಾದ ನಿಜವಾದ ಸೇವೆ. ಇಂಥ ಕೆಲಸಗಳಲ್ಲಿ ಪ್ಲಗಿನ್‌ಗಳು ತಮ್ಮ ಸಂಬಳ ಗಳಿಸುತ್ತವೆ.

ಯೂನೋ ವಸ್ತುವಿನ ಒಳಗೆ ಇಣುಕಿ ನೋಡುವ ಸಲಕರಣೆಗಳು ಇಲ್ಲವೆಂದಲ್ಲ. ಎಕ್ಸ್‌ರೇ, ಎಂಆರ್‌ಐ ಎಂಬ ಸಲಕರಣೆಗಳನ್ನು ಅನುಭವಿಗಳು ವರ್ಷಗಳಿಂದ ಬಳಸುತ್ತಿದ್ದಾರೆ, ಹೆಸರುಗಳಲ್ಲೇ ವೈದ್ಯರ ವಾಸನೆಯಿದೆ. 2021ರ ಆಗಸ್ಟಿನಲ್ಲಿ ಬಂದ ಲಿಬ್ರೆಆಫೀಸ್ 7.2ರಲ್ಲಿ ಅಂಥದೊಂದು ತಪಾಸಕ ಪರಿಕರಗಳ ಮೆನುವಿನೊಳಗೇ ಸೇರಿತು. ಕಡತದಲ್ಲಿ ಒಂದು ಪದವನ್ನು ಆರಿಸಿದರೆ ಅದರ ಇಂಟರ್‌ಫೇಸ್‌ಗಳು, ಗುಣಗಳು, ಅವುಗಳ ಬೆಲೆಗಳು ಪಟ್ಟಿಯಾಗಿ ಕಾಣುತ್ತವೆ. ಮೇಲೆ ಹೇಳಿದ ಮೂರು ಫಾಂಟ್ ಗುಣಗಳೂ ಆ ಪಟ್ಟಿಯಲ್ಲಿ ಇವೆ. ಅದೇ ವರ್ಷದ ಫೆಬ್ರವರಿಯಲ್ಲಿ 7.1ರ ಜೊತೆ ಬಂದ ಸ್ಕ್ರಿಪ್ಟ್‌ಫೋರ್ಜ್ ಗ್ರಂಥಾಲಯವು ಸಾಮಾನ್ಯ ಕೆಲಸಗಳಿಗೆ ಯೂನೋದ ಮುಖ ನೋಡುವ ಅಗತ್ಯವನ್ನೇ ತಪ್ಪಿಸುತ್ತದೆ. ಆದರೆ ತಪಾಸಕಗಳೆಲ್ಲ ಆಫೀಸಿನ ಒಳಗಿವೆ, ಕೋಡ್ ಬರೆಯುವುದು ಅದರ ಹೊರಗೆ. ಒಂದು ಕಿಟಕಿಯಲ್ಲಿ ಕಂಡದ್ದನ್ನು ಇನ್ನೊಂದು ಕಿಟಕಿಗೆ ಕೈಯಾರೆ ಬರೆದುಕೊಳ್ಳಬೇಕು.

ಈ ಎರಡನ್ನು ಬೆಸೆಯಲು ಬೇಕಾದ ಸಾಮಗ್ರಿ ಬಹುಮಟ್ಟಿಗೆ ಸಿದ್ಧವಾಗಿಯೇ ಇದೆ. ಯೂನೋದ ಎಲ್ಲ ಮಾದರಿಗಳ ವಿವರವೂ ಪ್ರತಿ ಸ್ಥಾಪನೆಯ ಜೊತೆ ಆರ್‌ಡಿಬಿ ಎಂಬ ಕಡತಗಳಲ್ಲಿ ಬರುತ್ತದೆ, ಅವನ್ನು ಓದುವ ಸಲಕರಣೆಯೂ ಇದೆ. 2016ರಲ್ಲಿ ಮೈಕ್ರೋಸಾಫ್ಟ್ ಮುಂದಿಟ್ಟ ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್, ಅಂದರೆ ಎಡಿಟರಿಗೂ ಅದಕ್ಕೆ ಭಾಷೆಯ ಸುಳಿವು ಕೊಡುವ ಪ್ರೋಗ್ರಾಮಿಗೂ ನಡುವಿನ ಮಾತುಕತೆಯ ನಿಯಮ, ಈಗ ಬಹುತೇಕ ಎಲ್ಲ ಎಡಿಟರುಗಳಿಗೂ ಅರ್ಥವಾಗುತ್ತದೆ. ಆರ್‌ಡಿಬಿ ಓದಿ ಆ ಪ್ರೋಟೋಕಾಲಿನಲ್ಲಿ ಉತ್ತರಿಸುವ ಒಂದು ಸರ್ವರ್ ಬರೆದರೆ ಎಕ್ಲಿಪ್ಸ್‌ಗೊಂದು, ನೆಟ್‌ಬೀನ್ಸ್‌ಗೊಂದು, ವಿಎಸ್ ಕೋಡ್‌ಗೊಂದು ಎಂದು ಮೂರು ಬಾರಿ ಬೆವರಿಳಿಸಬೇಕಾಗಿಲ್ಲ. ಪೈಥಾನ್ ಬಳಗದಲ್ಲಿ ಯೂನೋ ಮಾದರಿಗಳ ಹೆಸರು ವಿವರಗಳಷ್ಟೇ ಇರುವ ಸ್ಟಬ್ ಕಡತಗಳನ್ನು ಕೆಲವರು ಈಗಾಗಲೇ ತಯಾರಿಸಿ ಹಂಚಿದ್ದಾರೆ, ಅವನ್ನು ಹಾಕಿಕೊಂಡರೆ ಕೆಂಪು ಗೆರೆಗಳು ಮಾಯವಾಗುತ್ತವೆ. ದಾರಿ ಸರಿಯಿದೆ ಎಂಬುದಕ್ಕೆ ಅದು ಸಾಕ್ಷಿ.

ಮಿತಿಯೂ ಇದೆ. ಕಡತದಲ್ಲಿ ಆರಿಸಿಕೊಂಡದ್ದು ಪಠ್ಯವೋ ಚಿತ್ರವೋ ಕೋಷ್ಟಕದ ಕೋಶವೋ ಎಂಬುದು ಪ್ರೋಗ್ರಾಂ ಓಡುವಾಗಲೇ ಗೊತ್ತಾಗುವ ಸಂಗತಿ, ಎಷ್ಟೇ ಒಳ್ಳೆಯ ಸ್ಟಬ್ ಕಡತವೂ ಅದನ್ನು ಮುಂಚೆಯೇ ಹೇಳಲಾರದು. ಅದಕ್ಕೆ ಓಡುತ್ತಿರುವ ಆಫೀಸನ್ನೇ ಕೇಳಬೇಕು. ಕೇಳುವ ದಾರಿಯನ್ನು ಯೂನೋ ಮೊದಲಿಂದ ತೆರೆದಿಟ್ಟಿದೆ: ಆಫೀಸನ್ನು ಒಂದು ಪೋರ್ಟಿನ ಮೇಲೆ ಕಿವಿಗೊಟ್ಟು ಕೂರುವಂತೆ ಎಬ್ಬಿಸಬಹುದು, ವಸ್ತುವೊಂದು ತನ್ನ ಬಗ್ಗೆ ತಾನೇ ಹೇಳಿಕೊಳ್ಳುವಂತೆ ಮಾಡುವ ಇಂಟ್ರಾಸ್ಪೆಕ್ಷನ್ ಸೇವೆಯೂ ಅದರೊಳಗಿದೆ.

ಯಾರು ಮಾಡುತ್ತಾರೆ ಎಂಬುದು ಉಳಿದ ಪ್ರಶ್ನೆ. ಲಿಬ್ರೆಆಫೀಸಿಗೆ ಸಂಬಳದ ಮೇಲೆ ಕೋಡ್ ಬರೆಸುವ ಕಂಪನಿಗಳಿಗೆ ಗಿರಾಕಿಗಳು ಹಣ ಕೊಡುವುದು ವರ್ಡ್ ಕಡತ ಸರಿಯಾಗಿ ತೆರೆಯಲಿ ಎಂದು, ಪ್ರೋಗ್ರಾಮರನ ಎಡಿಟರಿನಲ್ಲಿ ಸುಳಿವು ಕಾಣಲಿ ಎಂದಲ್ಲ. ಹಾಗಾಗಿ ಪ್ಲಗಿನ್‌ಗಳ ಕೆಲಸ ಬಿಡುವಿನ ವೇಳೆಯವರ ಪಾಲಾಗಿದೆ. ಮೂವತ್ತು ಸಾವಿರ ಕಂಪ್ಯೂಟರುಗಳನ್ನು ಬದಲಿಸುವ ಆಡಳಿತಗಳು ತಮ್ಮ ಮ್ಯಾಕ್ರೋ ಮರುಬರಹಕ್ಕೆ ಎತ್ತಿಟ್ಟ ಹಣದ ಸಣ್ಣ ಪಾಲನ್ನು ಈ ಸಲಕರಣೆಗೆ ಮೊದಲೇ ಹಾಕಿದರೆ, ಆ ಮರುಬರಹದ ಖರ್ಚೇ ಇಳಿಯುತ್ತದೆ ಎಂಬ ವಾದವನ್ನು ಅವರ ಮುಂದಿಡಬೇಕಾದದ್ದು ಡಾಕ್ಯುಮೆಂಟ್ ಫೌಂಡೇಶನ್. ಅಂಥದೊಂದು ಸರ್ವರಿನ ಮೊದಲ ಆವೃತ್ತಿ ಬಹಳ ಮಾಡಬೇಕಾಗಿಲ್ಲ. ನುಡಿ ಕಡತ ತಿರುಗಿಸಲು ಕುಳಿತವರು ಉದ್ಧರಣ ಚಿಹ್ನೆ ತೆರೆದು 'ಚಾರ್ ಫಾಂಟ್' ಎಂದು ಬರೆಯುವಷ್ಟರಲ್ಲಿ ಮೂರು ಗುಣಗಳನ್ನೂ, ಯಾವುದು ಯಾವ ಲಿಪಿಗೆಂಬ ಒಂದೊಂದು ಸಾಲಿನ ಜೊತೆ, ತೋರಿಸಿದರೆ ಸಾಕು.